'ಕೆಟ್ಟಳು' ಅನ್ನೋ ಮಾತು

ಚನ್ನಗಿರಿಯಲ್ಲಿ ಮಳೆಗೆ ನೆಂದ ಅಡಿಕೆ ಕೆಡುತ್ತೆ. ಹೊನ್ನಾಳಿ, ನ್ಯಾಮತಿಯಲ್ಲಿ ಕಣದ ಮೆಕ್ಕೆಜೋಳ ಕೆಡುತ್ತೆ. ಜಗಳೂರಲ್ಲಿ ಬೋರಿನ ಮೋಟರು ಕೆಡುತ್ತೆ. ಹಾಗೇ ಹುಡುಗಿಯೂ 'ಕೆಟ್ಟಳು' ಅಂತಾರೆ. ಅಡಿಕೆ ಕೆಡಿಸಿದ್ದು ಮಳೆ ಅಂತ ಹೇಳುವ ಬಾಯಿ, ಹುಡುಗಿಯನ್ನು ಕೆಡಿಸಿದವನ ಹೆಸರು ಬಂದಾಗ ನುಂಗಿಕೊಳ್ಳುತ್ತೆ. ಅವನು ಹೊಲದೊಡೆಯನ ಮಗನಾದರೆ ಅದು ಹುಡುಗಾಟ. ಅವಳು ನಮ್ಮ ಕೇರಿಯವಳಾದರೆ 'ಅವಳಿಗೆಂಥ ಶೀಲ' ಅಂತ ಇನ್ನೊಂದು ಮಾತು. ಶೀಲವೇ ಇಲ್ಲದವಳು ಕೆಡೋದು ಹೇಗೆ ಸ್ವಾಮಿ?

ಕೋರ್ಟೂ ಇದೇ ಲೆಕ್ಕ ಹಾಕಿತ್ತು. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೇ ತನ್ನ ಮೇಲೆ ಅತ್ಯಾಚಾರವಾಯಿತೆಂದು ಆದಿವಾಸಿ ಹುಡುಗಿ ಮಥುರಾ ದೂರು ಕೊಟ್ಟಳು. ಅವಳಿಗೆ ಮೊದಲೇ ಸಂಭೋಗದ ಅಭ್ಯಾಸವಿತ್ತು ಎಂದಿತು ಸೆಷನ್ಸ್ ಕೋರ್ಟು. 1979ರಲ್ಲಿ ಸುಪ್ರೀಂ ಕೋರ್ಟು, ಮೈಮೇಲೆ ಗಾಯವಿಲ್ಲ ಅಂತ ಇಬ್ಬರು ಪೊಲೀಸರನ್ನೂ ಬಿಟ್ಟಿತು. ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾಯ್ದೆ ತಿದ್ದಿದರು. ಆದರೂ ಆಸ್ಪತ್ರೆಗಳಲ್ಲಿ ಎರಡು ಬೆರಳಿಟ್ಟು 'ಕೆಟ್ಟಿದ್ದಾಳೋ' ಎಂದು ನೋಡುವುದು ನಿಲ್ಲಲಿಲ್ಲ. ಹಾಗೆ ನೋಡುವುದೇ ದುರ್ನಡತೆ ಎಂದು ಅದೇ ಸುಪ್ರೀಂ ಕೋರ್ಟು ಹೇಳಿದ್ದು 2022ರ ಅಕ್ಟೋಬರ್ 31ಕ್ಕೆ.

ಹಾಸ್ಟೆಲಿನ ಗೆಳೆಯರೇ, ಊಟದ ಸಾಲಲ್ಲಿ ತಟ್ಟೆ ಹಿಡಿದು ನಿಂತಾಗ 'ಅವಳು ಕೆಟ್ಟವಳು ಕಣೋ' ಅಂತ ನಾವೂ ಅಂದಿದ್ದೀವಿ. ಅವಳೂ ನಮ್ಮ ಕೇರಿಯವಳೇ.