299ರ ರೀಚಾರ್ಜಿನಾಗ ಅಂಗಡ್ಯಾವ್ರಿಗೆ ಎಷ್ಟ್ ಉಳಿತೈತಿ?

(1/5)
ಜಮಖಂಡಿ ಆಗ್ಲಿ, ಮುಧೋಳ ಆಗ್ಲಿ, ಯಾವುದರ ಮೊಬೈಲ್ ಅಂಗಡಿ ಮುಂದ ಹತ್ತು ನಿಮಿಷ ನಿಂದರ್ರಿ. ಈ ಮಾತು ಕಿವಿಗೆ ಬಿದ್ದೇ ಬೀಳ್ತೈತಿ: "299ರ ರೀಚಾರ್ಜಿಗೆ 300 ಯಾಕ? ಒಂದ್ ರೂಪಾಯಿ ವಾಪಸ್ ಕೊಡು." ಅಂಗಡ್ಯಾವ್ರು "ಚಿಲ್ಲರ ಇಲ್ರಿ" ಅಂತಾರ. ಗಿರಾಕಿ "ಕಂಪನಿ ನಿಮಗ ಕಮಿಷನ್ ಕೊಡಂಗಿಲ್ಲೇನು?" ಅಂತಾನ. ಸುತ್ತ ನಿಂತವ್ರು ಅಂಗಡ್ಯಾವ್ರನ್ನ ಕಳ್ಳನ್ನ ನೋಡಿದಂಗ ನೋಡ್ತಾರ.

ಈಗ ನಿಮ್ಮ ಫೋನ್ ತಗೀರಿ. ಫೋನ್‌ಪೇ 2021ರಾಗ ಮೊಬೈಲ್ ರೀಚಾರ್ಜ್ ಮ್ಯಾಲ ಒಂದೆರಡು ರೂಪಾಯಿ ಹಚ್ಚಾಕ ಶುರು ಮಾಡ್ತು. ಗೂಗಲ್ ಪೇ 2023ರ ನವೆಂಬರ್ ಹೊತ್ತಿಗೆ ಅದೇ ದಾರಿ ಹಿಡೀತು, 3 ರೂಪಾಯಿ ತನಕ. ಅದಕ್ಕ ಪ್ಲಾಟ್‌ಫಾರ್ಮ್ ಫೀ, ಕನ್ವೀನಿಯನ್ಸ್ ಫೀ ಅಂತ ಚಂದನ ಹೆಸರು. ಅಲ್ಲಿ ನಾವ್ಯಾರೂ ಜಗಳ ತಗಿಯಂಗಿಲ್ಲ. ತಗದ್ರ ಯಾರ ಕೂಡ ತಗೀಬೇಕು, ಆ್ಯಪಿಗೆ ಮಾರಿ ಐತೇನು?

ಈ ಐದು ಕ್ಯಾಪ್ಶನ್ ಆ ಒಂದ್ ರೂಪಾಯಿ ಬಗ್ಗೆ ಅಲ್ಲ. ಅಂಗಡಿಗೂ ಸಿಮ್ ಕಂಪನಿಗೂ ನಡುವೆ ನಮಗ ಕಾಣದಂಗ ನಡದಿರೋ ಜಗಳದ ಬಗ್ಗೆ.

(2/5)
ಮೊದಲು ರೊಕ್ಕ ಹೆಂಗ ಹರೀತೈತಿ ಅಂತ ತಿಳ್ಕೊಳ್ಳೋಣು. ಕಂಪನಿ ಕೆಳಗ ಡಿಸ್ಟ್ರಿಬ್ಯೂಟರ್, ಅವರ ಕೆಳಗ ನಮ್ಮ ಓಣಿ ಅಂಗಡಿ. ಡಿಸ್ಟ್ರಿಬ್ಯೂಟರ್ ಕಡೆಯ ಹುಡುಗ ಬೈಕ್ ಮ್ಯಾಲ ಬರ್ತಾನ, ಅಂಗಡ್ಯಾವ್ರು ರೊಕ್ಕ ಕೊಡ್ತಾರ, ಅವರ ಲಾಪು ಸಿಮ್ಮಿಗೆ ಅಥವಾ ಆ್ಯಪಿಗೆ ಬ್ಯಾಲೆನ್ಸ್ ಬೀಳ್ತೈತಿ. ಅಂದ್ರ ನಾವು ರೀಚಾರ್ಜ್ ಮಾಡ್ಸೋದಕ್ಕಿಂತ ಮೊದಲೇ ಕಂಪನಿಗೆ ರೊಕ್ಕ ಮುಟ್ಟಿರ್ತೈತಿ. ಕಂಪನಿ ಒಂದ್ ಪೈಸಾ ಉದ್ರಿ ಕೊಡಂಗಿಲ್ಲ.

ಆದ್ರ ಅಂಗಡ್ಯಾವ್ರು ಉದ್ರಿ ಕೊಡ್ತಾರ. ಬನಹಟ್ಟಿಯೊಳಗ ಮಗ್ಗದ ಕೆಲಸದವ್ರಿಗೆ ವಾರದ ಪಗಾರ ಆಗೂತನಕ ಕಾಯಬೇಕು. ಮುಧೋಳ ಕಡೆ ಕಬ್ಬಿನ ಬಿಲ್ಲು ಬರೂತನಕ ಕಾಯಬೇಕು. "ಶನಿವಾರ ಕೊಡ್ತೀನಿ ತಮ್ಮಾ, ಮಗಳ ಫೋನ್ ಬಂದ್ ಆಗೈತಿ, ಹಾಕು" ಅಂದ್ರ ಹಾಕ್ತಾರ. ಫೋನ್‌ಪೇ ಹಾಕಂಗಿಲ್ಲ.

ಲೆಕ್ಕಕ್ಕ ನೂರಕ್ಕ 3 ರೂಪಾಯಿ ಮಾರ್ಜಿನ್ ಅಂತ ಹಿಡೀರಿ. ಕಂಪನಿ, ಸ್ಕೀಮು ಬದಲಾದಂಗ ಇದೂ ಬದಲಾಗ್ತೈತಿ, ಬರೇ ಲೆಕ್ಕಕ್ಕ ಹೇಳಾಕತ್ತೀನಿ. 299ಕ್ಕ ಸುಮಾರು 9 ರೂಪಾಯಿ ಆತು. ಗಡಿಬಿಡಿಯೊಳಗ ಒಂದು ಅಂಕಿ ತಪ್ಪು ಒತ್ತಿ, ರೀಚಾರ್ಜ್ ಯಾರದೋ ನಂಬರಿಗೆ ಹೋಗಿ, ಅದು ವಾಪಸ್ ಬರದಿದ್ರ 33 ರೀಚಾರ್ಜಿನ ದುಡಿಮೆ ಹೋತು. ಅದರ ಮ್ಯಾಲ ಅಂಗಡಿ ಬಾಡಗಿ, ಕರೆಂಟು, ಹುಡುಗನ ಪಗಾರ.

2024ರ ಜುಲೈ 3ಕ್ಕ ಜಿಯೋದ 239ರ ಪ್ಲ್ಯಾನ್ 299 ಆತು. ಏರ್‌ಟೆಲ್, ವಿಐ ಕೂಡ ಅದೇ ವಾರ ಏರಿಸಿದ್ವು. "ಅಂಗಡ್ಯಾವ್ರಿಗೂ ಹೆಚ್ಚಾತಲ್ಲ" ಅಂತ ನಮ್ಮ ಕ್ಲಾಸಿನಾಗ ಒಬ್ಬಾವ ಅಂದ. ಮಾರ್ಜಿನ್ ಅಷ್ಟೇ ಇದ್ರ ಒಂದೂಮುಕ್ಕಾಲು ರೂಪಾಯಿ ಹೆಚ್ಚಾತು, ಖರೆ. ಆದ್ರ ದಿನಾ 50 ರೀಚಾರ್ಜ್ ಮಾಡೋ ಅಂಗಡಿಗೆ ಮೊದಲು 11,950 ರೂಪಾಯಿ ಬ್ಯಾಲೆನ್ಸ್ ಸಾಕಿತ್ತು, ಈಗ 14,950 ಬೇಕು. ಆ 3,000 ಎಲ್ಲಿಂದ ತರಬೇಕು? ಬೈಸಿಕೊಂಡವ್ರೂ ಅವರ. ಬೆಲೆ ಏರಿಸಿದವ್ರು ಯಾರೂ ಜಮಖಂಡಿಯೊಳಗ ಕುಂತಿರಲಿಲ್ಲ.

(3/5)
ಈಗ ಬಿ.ಕಾಂ. ದೋಸ್ತರು ಸ್ವಲ್ಪ ಎದ್ದು ಕುಂದರ್ರಿ, ನಮ್ಮ ಸಿಲೆಬಸ್ಸಿನ ವಿಷಯ.

ನಾವು ಕಮಿಷನ್ ಅಂತೀವಲ್ಲ, ಕಾನೂನಿನ ಪ್ರಕಾರ ಅದು ಕಮಿಷನ್ನೇ ಅಲ್ಲ. ಆಗಿನ ಆದಾಯ ತೆರಿಗೆ ಕಾಯ್ದೆಯ 194ಎಚ್ ಪ್ರಕಾರ ಕಮಿಷನ್ ಕೊಡುವವರು ಅದರಲ್ಲಿ ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕಿತ್ತು. ಪ್ರೀಪೇಯ್ಡ್ ಕೂಪನ್ ಮತ್ತು ಸಿಮ್ ಕಿಟ್ ಮೇಲೆ ಡಿಸ್ಟ್ರಿಬ್ಯೂಟರಿಗೆ ಉಳಿಯುವ ಹಣದಲ್ಲಿ ಕಂಪನಿಗಳು ಟಿಡಿಎಸ್ ಹಿಡಿದಿಲ್ಲ ಎಂದು ತೆರಿಗೆ ಇಲಾಖೆ ಹಿಂದೆ ಬಿತ್ತು. ಕಂಪನಿಗಳ ವಾದ ಇಷ್ಟು: ಡಿಸ್ಟ್ರಿಬ್ಯೂಟರ್ ನಮ್ಮ ಏಜೆಂಟ್ ಅಲ್ಲ, ಸ್ವತಂತ್ರ ವ್ಯಾಪಾರಿ. ಮುಂಗಡ ರೊಕ್ಕ ಕೊಟ್ಟು ಕಡಿಮೆ ಬೆಲೆಗೆ ಕೊಂಡು ತನ್ನ ಹೊಣೆ ಮೇಲೆ ಮಾರುತ್ತಾನೆ, ಉಳಿದದ್ದು ಅವನ ಲಾಭ. ದೆಹಲಿ ಮತ್ತು ಕಲ್ಕತ್ತಾ ಹೈಕೋರ್ಟುಗಳು ಇದನ್ನು ಒಪ್ಪಲಿಲ್ಲ. ನಮ್ಮ ಕರ್ನಾಟಕ ಹೈಕೋರ್ಟು 2014ರಲ್ಲಿ ಏರ್‌ಟೆಲ್ ಪ್ರಕರಣದಲ್ಲಿ ಒಪ್ಪಿತು. ಕೊನೆಗೆ 2024ರ ಫೆಬ್ರವರಿ 28ರಂದು ಸುಪ್ರೀಂ ಕೋರ್ಟು ಭಾರ್ತಿ ಸೆಲ್ಯುಲರ್ ಪ್ರಕರಣದಲ್ಲಿ ಕಂಪನಿಗಳ ಪರವಾಗಿಯೇ ಹೇಳಿತು.

ಆ ತೀರ್ಪು ತೆರಿಗೆ ಬಗ್ಗೆ ಅಷ್ಟೇ. ಅದರಿಂದ ಡಿಸ್ಟ್ರಿಬ್ಯೂಟರಿಗೆ ಲುಕ್ಸಾನ ಏನೂ ಆಗ್ಲಿಲ್ಲ, ಮೊದಲೇ ರೊಕ್ಕ ಹಿಡಿಯೋದು ತಪ್ತು. ನನ್ನ ತಕರಾರು ತೀರ್ಪಿನ ಮ್ಯಾಲ ಇಲ್ಲ. ಕಂಪನಿಗಳು ಕೋರ್ಟಿನಾಗ ಹೇಳಿದ ಆ ಮಾತು ಅಂಗಡಿ ಮುಂದ ಎಲ್ಲಿ ಹೋಗ್ತೈತಿ ಅನ್ನೋದು ನನ್ನ ಪ್ರಶ್ನೆ.

ಸ್ವತಂತ್ರ ವ್ಯಾಪಾರಿ ಅಂದ್ರ ಯಾರು? ಬಾಳೆಹಣ್ಣಿನ ಗಾಡ್ಯಾವ ಸ್ವತಂತ್ರ ವ್ಯಾಪಾರಿ. ಮುಂಜಾನೆ ಡಜನ್ 60, ಸಂಜಿಗೆ 40, ಅವನ ಮರ್ಜಿ. ನಮ್ಮ ರೀಚಾರ್ಜ್ ಅಂಗಡ್ಯಾವ್ರಿಗೆ ಬೆಲೆ ಏರಿಸಾಕ ಬರಂಗಿಲ್ಲ, ಇಳಿಸಿದ್ರ ತಮ್ಮ 9 ರೂಪಾಯಿನ ಹೋಗ್ತೈತಿ. ಕಂಪನಿ ಅವರದ ಗಿರಾಕಿಗೆ ನೇರ ಮೆಸೇಜ್ ಹಾಕಿ "ನಮ್ಮ ಆ್ಯಪಿನಾಗ ಮಾಡ್ರಿ, ಕ್ಯಾಶ್‌ಬ್ಯಾಕ್ ತಗೋರಿ" ಅಂತೈತಿ. ಲಾಭದಾಗ ಏಜೆಂಟಿಗಿಂತ ಕಡೆ, ಲುಕ್ಸಾನದಾಗ ಮಾತ್ರ ಸ್ವತಂತ್ರ.

(4/5)
2020ರ ಲಾಕ್‌ಡೌನ್ ನೆನಪೈತಲ್ಲ? ಏಪ್ರಿಲ್‌ನಾಗ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದಾಗ ಜಿಯೋ 'ಜಿಯೋಪೋಸ್ ಲೈಟ್' ಅನ್ನೋ ಆ್ಯಪ್ ತಂತು. ಯಾರು ಬೇಕಾದವ್ರು ಮನಿಯೊಳಗ ಕುಂತು ಮಂದಿಗೆ ರೀಚಾರ್ಜ್ ಮಾಡಿ ನೂರಕ್ಕ 4.16 ರೂಪಾಯಿ ಗಳಿಸಬಹುದಿತ್ತು. ಏರ್‌ಟೆಲ್ ಸುಮಾರು 4 ಅಂತು. ಆ ಹೊತ್ತಿಗೆ ಅದು ಬೇಕಾಗಿತ್ತು, ಇಲ್ಲಾ ಅನ್ನಂಗಿಲ್ಲ. ಆದ್ರ ಸಿಮ್ ಕಾರ್ಡೇ ಹೊಸದಿದ್ದ ಕಾಲದಿಂದ ಬೋರ್ಡ್ ಹಚ್ಚಿ ಕುಂತವ್ರಿಗೆ ಒಂದು ವಿಷಯ ತಿಳೀತು. ಅವರ ಜಾಗಾದಾಗ ಯಾರನ್ನ ಬೇಕಾದ್ರೂ ಕುಂದರಸಬಹುದು, ಒಂದ್ ಆ್ಯಪ್ ಸಾಕು.

ಸಿಮ್ ಮಾರಾಟದಾಗ ಇನ್ನೂ ಬ್ಯಾರೆ ಕತಿ. ಬೀಳಗಿ ಕಡೆ ನಮ್ಮ ಮಾಮಾಂದು ಸಣ್ಣ ಅಂಗಡಿ ಐತಿ. ಒಂದು ಕಂಪನಿ (ಹೆಸರು ಬ್ಯಾಡ) ಹೊಸ ಸಿಮ್ ಮ್ಯಾಲ ಕೊಡೋ ರೊಕ್ಕಾನ ಕಂತಿನಾಗ ಕೊಡ್ತೈತಿ. ಗಿರಾಕಿ ಮುಂದಿನ ತಿಂಗಳು ರೀಚಾರ್ಜ್ ಮಾಡಿದ್ರ ಒಂದಿಷ್ಟು, ಅದರ ಮುಂದಿನ ತಿಂಗಳು ಮಾಡಿದ್ರ ಮತ್ತಿಷ್ಟು. ಗಿರಾಕಿ ಪೋರ್ಟ್ ಆಗಿ ಹೋದ್ರ ಉಳಿದ ಕಂತು ಇಲ್ಲ, ಒಮ್ಮೊಮ್ಮೆ ಕೊಟ್ಟದ್ದೂ ಕಟ್. ನೆಟ್‌ವರ್ಕ್ ಸಿಗದಿದ್ದಕ್ಕ ಗಿರಾಕಿ ಬಿಟ್ಟ ಹ್ವಾದ, ದಂಡ ಮಾಮಾಗ. ಟವರ್ ಏನ್ ಮಾಮಾ ಕಟ್ಟಿದ್ನೇನು?

ಇದರ ನಡುವೆ 2023ರ ಡಿಸೆಂಬರ್ 1ರಿಂದ ಕೇಂದ್ರದ ಹೊಸ ನಿಯಮ ಬಂತು. ಸಿಮ್ ಮಾರೋ ಪ್ರತಿಯೊಂದು ಅಂಗಡಿಯ ಪರಿಶೀಲನೆ, ನೋಂದಣಿ ಆಗಬೇಕು. ನೋಂದಣಿ ಇಲ್ಲದ ಅಂಗಡಿಯಿಂದ ಸಿಮ್ ಮಾರಿಸಿದ್ರ ಕಂಪನಿಗೆ 10 ಲಕ್ಷ ದಂಡ, ಅಕ್ರಮ ಮಾಡಿದ ಅಂಗಡಿ 3 ವರ್ಷ ಕಪ್ಪು ಪಟ್ಟಿಗೆ. ಸೈಬರ್ ಮೋಸ ನೋಡಿದ್ರ ಈ ನಿಯಮ ಬೇಕು. ನಮ್ಮ ಕಡೆಯೂ ಅಜ್ಜಿ ಹೆಬ್ಬಟ್ಟು ಎರಡು ಸಲ ಒತ್ತಿಸಿಕೊಂಡು ಎರಡನೇ ಸಿಮ್ ಬ್ಯಾರೆಯವ್ರಿಗೆ ಕೊಡೋ ಖದೀಮರು ಅದಾರ, ಅವರ ಪರವಾಗಿ ನಾ ಮಾತಾಡಂಗಿಲ್ಲ. ಆದ್ರ ನೋಡ್ರಿ, ಪೊಲೀಸ್ ಮುಂದ ನಿಂದರಬೇಕಾದಾಗ ಈ ಅಂಗಡ್ಯಾವ ಕಂಪನಿ ಮನಷಾ. ಕಂತು ಕೇಳಾಕ ಹೋದಾಗ ಹೊರಗಿನಾವ.

(5/5)
"ಅಷ್ಟು ತ್ರಾಸ ಇದ್ರ ಬಿಟ್ ಬಿಡ್ಲಿ" ಅನ್ನಾವ್ರಿಗೆ ಒಂದು ಮಾತು. ಹ್ಯಾಂಡ್‌ಸೆಟ್ ವ್ಯಾಪಾರದಾಗ ಬಿಡಾಕ ಬರ್ತೈತಿ. 2024ರ ಏಪ್ರಿಲ್‌ನಾಗ ದಕ್ಷಿಣ ಭಾರತದ ರೀಟೇಲರ್ ಸಂಘ ಓಆರ್‌ಎ, ಮಾರ್ಜಿನ್ ಕಡಿಮಿ, ವಾರಂಟಿ ಕ್ಲೇಮ್ ತಡ ಅಂತ ಒನ್‌ಪ್ಲಸ್‌ಗೆ ಪತ್ರ ಬರದು, ಮೇ 1ರಿಂದ ಅದರ ಮಾಲು ಮಾರಂಗಿಲ್ಲ ಅಂತ ಹೇಳ್ತು. ಅದರೊಳಗ ಕರ್ನಾಟಕದ ಅಂಗಡಿಗಳೂ ಇದ್ವು. ಒನ್‌ಪ್ಲಸ್ ಇಲ್ಲಂದ್ರ ಗಿರಾಕಿಗೆ ವಿವೋ ತೋರಿಸಬಹುದು. ಆದ್ರ ರೀಚಾರ್ಜಿನಾಗ ಮೂರು ಖಾಸಗಿ ಕಂಪನಿ, ಒಂದು ಬಿಎಸ್‌ಎನ್‌ಎಲ್. "ಜಿಯೋ ಮಾಡಂಗಿಲ್ಲ" ಅಂತ ಬೋರ್ಡ್ ಹಚ್ಚಿದ್ರ ಗಿರಾಕಿ ಬಾಜೂ ಅಂಗಡಿಗೆ ಹೋಗ್ತಾನ. ಹೋಗುವಾಗ ಇಯರ್‌ಫೋನ್, ಚಾರ್ಜರ್, ಗ್ಲಾಸ್ ವ್ಯಾಪಾರಾನೂ ಒಯ್ತಾನ. ಅದಕ್ಕ ಲಾಭ ಇಲ್ಲಂದ್ರೂ ರೀಚಾರ್ಜ್ ಬಿಡಾಕ ಆಗಂಗಿಲ್ಲ. ಕಂಪನಿಗೆ ಇದು ಚಲೋತ್ನಂಗ ಗೊತ್ತೈತಿ.

ಟ್ರಾಯ್ ನಮ್ಮ ಪ್ಲ್ಯಾನುಗಳ ಬಗ್ಗೆ ಮಾತಾಡ್ತೈತಿ. 2024ರ ಡಿಸೆಂಬರ್‌ನಾಗ ಡೇಟಾ ಇಲ್ಲದ, ಬರೇ ಕಾಲ್ ಮತ್ತ ಮೆಸೇಜಿನ ಪ್ಯಾಕ್ ಕೊಡಲೇಬೇಕು ಅಂತ ಹೇಳ್ತು, ನಮ್ಮ ಕೀಪ್ಯಾಡ್ ಫೋನಿನ ಅಜ್ಜ-ಅಜ್ಜಿಗೆ ಚಲೋನ ಆತು. ಆ ಪ್ಯಾಕ್ ಐತಿ ಅಂತ ಅಜ್ಜಿಗೆ ಹೇಳಿ ಹಾಕಿ ಕೊಡೋದು ಯಾರು? ಅದೇ ಅಂಗಡ್ಯಾವ್ರು.

ನಾ ಕೇಳೋದು ದೊಡ್ಡದೇನಲ್ಲ. ಸ್ವತಂತ್ರ ವ್ಯಾಪಾರಿ ಅಂತ ಕೋರ್ಟಿನಾಗ ಹೇಳಿದವ್ರು ಅಂಗಡಿಗೂ ವ್ಯಾಪಾರಿಗೆ ಕೊಡೋ ಕಾಗದ ಕೊಡ್ಲಿ. ಯಾವ ಪ್ಲ್ಯಾನಿಗೆ ಎಷ್ಟು ಮಾರ್ಜಿನ್, ಬದಲಾಗೋದಿದ್ರ ಯಾವ ತಾರೀಖಿನಿಂದ, ಯಾವ ಕಾರಣಕ್ಕ ಕಟ್ ಮಾಡ್ತಾರ, ಕನ್ನಡದಾಗ ಬರದು. ಅಂಗಡಿ ಬಂದ್ ಮಾಡೋರ ಉಳಿದ ಬ್ಯಾಲೆನ್ಸ್ ವಾಪಸ್ ತಗೊಳ್ಲಿ. ಅಂಗಡ್ಯಾವ್ರೂ 299ಕ್ಕ 310 ತಗೋಳೋದು ಬಿಟ್ಟು, "ಸರ್ವಿಸ್ ಚಾರ್ಜ್ 2 ರೂಪಾಯಿ" ಅಂತ ಕಾಣೋ ಹಂಗ ಬರದು ಹಚ್ಚಲಿ. ಕಂಡ 2 ರೂಪಾಯಿ ಕೊಡಾಕ ನಾ ತಯಾರದೀನಿ.

ನಿಮ್ಮ ಅಪ್ಪ, ಕಾಕಾ, ಅಕ್ಕ ಯಾರರ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ರೀಚಾರ್ಜ್ ಅಂಗಡಿ ಇಟ್ಟಿದ್ರ, 299ಕ್ಕ ಅವರಿಗೆ ಎಷ್ಟು ಉಳಿತೈತಿ ಅಂತ ಕೇಳಿ ನನಗ ಡಿಎಂ ಮಾಡ್ರಿ. ಅಂಗಡಿ ಹೆಸರು ಬ್ಯಾಡ, ನಂಬರ್ ಬ್ಯಾಡ, ಊರು ಮತ್ತ ರೇಟು ಸಾಕು. ಎಲ್ಲಾ ಕೂಡಿಸಿ ಮುಂದಿನ ಪೋಸ್ಟಿನಾಗ ಹಾಕ್ತೀನಿ.

#ಜಮಖಂಡಿ #ಮುಧೋಳ #ಬೀಳಗಿ #ರಬಕವಿಬನಹಟ್ಟಿ #ರೀಚಾರ್ಜ್‌ಲೆಕ್ಕ