ಹೊಟ್ಟೆ ಅವಳದು, ಮುಹೂರ್ತ ಯಾರದು?

"ಶುಕ್ರವಾರ ಹತ್ತೂವರೆಯೊಳಗೆ ಮಗು ಹೊರಗೆ ಬಂದುಬಿಡಬೇಕು ಡಾಕ್ಟ್ರೇ, ಆಮೇಲೆ ರಾಹುಕಾಲ." ನಮ್ಮ ಕಡೆಯ ನರ್ಸಿಂಗ್ ಹೋಮುಗಳಲ್ಲಿ ಈ ಮಾತಿಗೆ ಯಾರೂ ಬೆಚ್ಚುವುದಿಲ್ಲ. ಜೋಯಿಸರ ಚೀಟಿ ಸ್ಕ್ಯಾನಿಂಗ್ ರಿಪೋರ್ಟಿನ ಜೊತೆಗೇ ಫೈಲು ಸೇರುತ್ತದೆ.

ದೇವರ ತಂಟೆಗೆ ನಾನು ಬಂದಿಲ್ಲ. ಮಕ್ಕಳಿಲ್ಲವೆಂದು ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲು ನಿಲ್ಲಿಸುವವಳು ತನ್ನ ಸಂಕಟಕ್ಕೆ ತಾನೇ ದಾರಿ ಹುಡುಕಿಕೊಂಡವಳು. ಆ ಕಲ್ಲುಗಳ ಅರಿಶಿನ ಕುಂಕುಮವನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನನ್ನ ಜಗಳವಿರುವುದು ಗೋಡೆ ತುಂಬ ಸರ್ಟಿಫಿಕೇಟು ನೇತುಹಾಕಿಕೊಂಡು ಪಂಚಾಂಗಕ್ಕೆ ತಲೆಯಾಡಿಸುವವರ ಜೊತೆ. 39 ವಾರ ತುಂಬುವ ಮೊದಲು ಕಾರಣವಿಲ್ಲದೆ ಸಿಸೇರಿಯನ್ ಮಾಡಿದರೆ ಕೂಸಿಗೆ ಉಸಿರಾಟದ ತೊಂದರೆ ಹೆಚ್ಚು ಎಂದು ಓದಿ ಪಾಸಾದವರು ಇವರೇ. ಒಳ್ಳೆ ನಕ್ಷತ್ರ 37ನೇ ವಾರಕ್ಕೆ ಬಿದ್ದರೆ ಆ ಪಾಠ ಎಲ್ಲಿ ಹೋಯಿತು?

"ಅವರ ನಂಬಿಕೆ, ನಾವೇನು ಮಾಡೋಣ" ಅನ್ನುತ್ತಾರೆ. ಸ್ವಾಮಿ, ಪುನ್ನಾಮ ನರಕ ತಪ್ಪಿಸಲು ಗಂಡೇ ಬೇಕೆನ್ನುವುದೂ ನಂಬಿಕೆಯೇ. ಅದಕ್ಕೆ ಅಡ್ಡ ನಿಂತದ್ದು ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ, ನಿಮ್ಮ ಆತ್ಮಸಾಕ್ಷಿಯಲ್ಲ. ಕಾಯ್ದೆ ಇದ್ದೂ, ಪೊಲೀಸರು 2023ರಲ್ಲಿ ಬಯಲಿಗೆಳೆದ ಜಾಲ ಮಂಡ್ಯದ ಆಲೆಮನೆಯಲ್ಲೇ ಭ್ರೂಣದ ಲಿಂಗ ನೋಡುತ್ತಿತ್ತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ನೂರಕ್ಕೆ 23.6 ಇದ್ದ ಸಿಸೇರಿಯನ್ 2019-21ಕ್ಕೆ 31.5 ಆಯಿತು. ಎಲ್ಲಕ್ಕೂ ರಾಹುವೇ ಕಾರಣ ಅನ್ನುತ್ತಿಲ್ಲ, ದುಡ್ಡಿನ ಪಾಲೂ ಇದೆ. ದುಡ್ಡಿಗೂ ರಾಹುವಿಗೂ ಚೆನ್ನಾಗಿ ಹೊಂದಿಕೆಯಾಗುತ್ತದೆ ಅಷ್ಟೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯವಳು, ಗಾರ್ಮೆಂಟ್ಸ್ ಹುಡುಗಿ ಸರ್ಕಾರಿ ಆಸ್ಪತ್ರೆಯಲ್ಲಿ ನೋವು ಬಂದ ಗಳಿಗೆಗೆ ಹೆರುತ್ತಾರೆ, ಯಮಗಂಡಕಾಲದಲ್ಲೂ. ದೇವನಹಳ್ಳಿಯಿಂದ ರಾಹುಕಾಲದಲ್ಲೇ ವಿಮಾನ ಹಾರುತ್ತದೆ, ಒಳಗೆ ಕೂತವರು ಪೈಲಟ್ಟಿನ ಕೈ ಹಿಡಿಯುವುದಿಲ್ಲ. ಗ್ರಹಗಳ ಧೈರ್ಯವೆಲ್ಲ ಬಸುರಿಯ ಮುಂದೆ.

ಅರಿವಳಿಕೆಯಲ್ಲಿ ಮಲಗಿದವಳ ಪರವಾಗಿ, ತುರ್ತು ಇಲ್ಲದಾಗ, ಹೆತ್ತ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದು ಎಂದು 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಾಯಿಯದೇ ಸಲ್ಲದ ಮೇಲೆ ಜೋಯಿಸರದು ಹೇಗೆ ಸಲ್ಲುತ್ತದೆ? ಆದರೂ ಫಾರಂನಲ್ಲಿ ಮೊದಲು ಬೀಳುವುದು ಗಂಡನ ಸಹಿ. ಪೆನ್ನು ಅವಳ ಬೆರಳಿಗೆ ಬರುವಷ್ಟರಲ್ಲಿ ದಿನ, ಗಂಟೆ, ನಿಮಿಷ ಎಲ್ಲ ತುಂಬಿಯಾಗಿರುತ್ತದೆ. ಅತ್ತೆ ಪಕ್ಕದಲ್ಲೇ ನಿಂತಿರುತ್ತಾಳೆ.

ಎಲ್ಲರನ್ನೂ ಹೊರಗೆ ಕಳಿಸಿ, ಅವಳೊಬ್ಬಳನ್ನೇ ಕೇಳಿ. ಅವಳೂ ಮುಹೂರ್ತವೇ ಬೇಕೆಂದರೆ ಕೂಸಿನ ಉಸಿರಿನ ಮಾತನ್ನು ಬಿಡಿಸಿ ಹೇಳಿ, ದಿನ ತುಂಬಿಲ್ಲದಿದ್ದರೆ ಆಗುವುದಿಲ್ಲ ಅನ್ನಿ. ಅಷ್ಟೂ ಬಾಯಿ ಬರದಿದ್ದರೆ ಬಿಲ್ಲಿನಲ್ಲಿ ಸರ್ಜನ್ ಎಂದಿರುವ ಕಡೆ ಜೋಯಿಸರ ಹೆಸರು ಬರೆಯಿರಿ.