ಕೋಟಿನ ಗುಂಡಿಯ ಸಾಕ್ಷ್ಯ

ಗೂಢಚಾರರ ಕತೆ ಎಂದೊಡನೆ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ಜೇಮ್ಸ್ ಬಾಂಡ್. ವೇಗದ ಕಾರು, ಸಿಡಿಯುವ ಬಾಂಬು, ಕೊನೆಗೆ ಖಳನಾಯಕನ ಸಾವು. ಸತ್ತವನು ಕೆಟ್ಟವನೇ ಎಂಬ ಬಗ್ಗೆ ಯಾರಿಗೂ ಸಂಶಯವಿರುವುದಿಲ್ಲ. ಆದರೆ ಬಾಂಡ್ ಕಾದಂಬರಿಗಳು ಆರಂಭವಾಗುವುದಕ್ಕೆ 25 ವರ್ಷ ಮೊದಲೇ, 1928ರಲ್ಲಿ, ಈ ಸಂಶಯವನ್ನೇ ಓದುಗರ ಮುಂದಿಟ್ಟ ಕಥಾಸಂಕಲನವೊಂದು ಬಂದಿತ್ತು. ಅದು ಸಾಮರ್‌ಸೆಟ್ ಮಾಮ್ ಬರೆದ ‘ಆಶೆಂಡನ್’.

ಮಾಮ್ ವೈದ್ಯಕೀಯ ಓದಿ ಸಾಹಿತಿಯಾದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಗುಪ್ತಚರ ಇಲಾಖೆಗಾಗಿ ಸ್ವಿಟ್ಜರ್‌ಲೆಂಡಿನಲ್ಲಿ, ಆ ಬಳಿಕ 1917ರಲ್ಲಿ ರಶ್ಯದಲ್ಲಿ ಕೆಲಸ ಮಾಡಿದರು. ಲೇಖಕನೆಂಬ ಹೆಸರೇ ಅವರಿಗೆ ಮರೆಯಾಗಿತ್ತು. ಅವರ ಕಥಾನಾಯಕ ಆಶೆಂಡನ್ ಕೂಡ ಲೇಖಕನೇ. ಅವನು ಯಾರನ್ನೂ ಬೆನ್ನಟ್ಟುವುದಿಲ್ಲ. ಹೊಟೇಲಿನಲ್ಲಿ ಕುಳಿತು ಕಾಯುತ್ತಾನೆ, ವರದಿ ಬರೆಯುತ್ತಾನೆ. ಅವನ ವರದಿಯಿಂದ ಬೇರೆಯವರು ಸಾಯುತ್ತಾರೆ.

ಒಂದು ಕತೆಯಲ್ಲಿ ಗ್ರೀಕ್ ದೂತನೊಬ್ಬನ ಬಳಿಯಿರುವ ಕಾಗದಪತ್ರ ಕಸಿಯಲು ಮೆಕ್ಸಿಕೋದ ಬಾಡಿಗೆ ಹಂತಕನನ್ನು ಇಟಲಿಗೆ ಕಳುಹಿಸಲಾಗುತ್ತದೆ. ಅವನು ಕೆಲಸ ಮುಗಿಸಿ ಬರುತ್ತಾನೆ, ಆದರೆ ಕಾಗದ ಸಿಗುವುದಿಲ್ಲ. ಆಗ ಬಂದ ಸಂಕೇತದ ತಂತಿಯನ್ನು ಬಿಡಿಸಿ ನೋಡಿದರೆ, ಆ ದೂತ ಕಾಯಿಲೆ ಬಿದ್ದು ಹಡಗನ್ನೇ ಹತ್ತಿರಲಿಲ್ಲ! ಹಾಗಾದರೆ ಸತ್ತವನು ಯಾರು? ಲೇಖಕರು ಹೇಳುವುದಿಲ್ಲ. ಕತೆ ಅಲ್ಲಿಗೇ ನಿಂತುಬಿಡುತ್ತದೆ.

ಈ ಕತೆಯನ್ನೂ ‘ದೇಶದ್ರೋಹಿ’ ಎಂಬ ಇನ್ನೊಂದನ್ನೂ ಬೆರೆಸಿ ಆಲ್‌ಫ್ರೆಡ್ ಹಿಚ್‌ಕಾಕ್ 1936ರಲ್ಲಿ ‘ಸೀಕ್ರೆಟ್ ಏಜೆಂಟ್’ ಚಿತ್ರ ಮಾಡಿದರು. ಪುಸ್ತಕದ ಕೇಪರ್ ನಿಜವಾಗಿಯೂ ಶತ್ರುವಿನ ಗೂಢಚಾರ. ಚಿತ್ರದ ಕೇಪರ್ ನಿರಪರಾಧಿ. ಕೊಲೆಯಾದವನೊಬ್ಬನ ಕೈಯಲ್ಲಿ ಸಿಕ್ಕ ಕೋಟಿನ ಗುಂಡಿ ಇವನ ಗುಂಡಿಯಂತಿದೆ, ಅಷ್ಟೇ ಸಾಕ್ಷ್ಯ. ಅಷ್ಟಕ್ಕೇ ಅವನನ್ನು ಬೆಟ್ಟದ ತುದಿಯಿಂದ ತಳ್ಳಲಾಗುತ್ತದೆ. ನಾಯಕ ದೂರದರ್ಶಕದಲ್ಲಿ ನೋಡುತ್ತಾನೆ. ಇತ್ತ ಹೊಟೇಲಿನಲ್ಲಿ ಆ ಮನುಷ್ಯನ ನಾಯಿ ಊಳಿಡುತ್ತದೆ, ಹೆಂಡತಿ ಕಂಗಾಲಾಗುತ್ತಾಳೆ. ಈ ದೃಶ್ಯ ಪುಸ್ತಕದಷ್ಟೇ ಬಲವಾಗಿದೆ ಎನ್ನಲೇಬೇಕು.

ಆದರೆ ಮುಕ್ತಾಯದಲ್ಲಿ ಚಿತ್ರ ನಮ್ಮನ್ನು ಸಮಾಧಾನಪಡಿಸಲು ಹೊರಡುತ್ತದೆ. ರೈಲು ದುರಂತದಲ್ಲಿ ನಿಜವಾದ ಗೂಢಚಾರ ಸಾಯುತ್ತಾನೆ. ತಳ್ಳಿದವನೂ ಬದುಕುವುದಿಲ್ಲ. ನಾಯಕ-ನಾಯಕಿ ಒಂದಾಗುತ್ತಾರೆ. ಲೆಕ್ಕ ಚುಕ್ತಾ ಆಯಿತೆಂದು ಪ್ರೇಕ್ಷಕ ಎದ್ದು ಹೋಗುತ್ತಾನೆ. ಕೇಪರ್‌ನ ವಿಧವೆಗೆ ಅಲ್ಲಿ ಜಾಗವಿಲ್ಲ. ಪುಸ್ತಕದಲ್ಲಾದರೋ, ಗಂಡ ತಪ್ಪಿತಸ್ಥನೇ ಆಗಿದ್ದರೂ, ಬಾರದ ಪತ್ರಕ್ಕಾಗಿ ಕಾಯುವ ಹೆಂಡತಿಯ ಸಂಕಟದಲ್ಲೇ ಕತೆ ಮುಗಿಯುತ್ತದೆ.

ಈ ಚಿತ್ರ ಕೈಗೆತ್ತಿಕೊಳ್ಳದ ಇನ್ನೊಂದು ಕತೆ ನಮಗೆ ಹೆಚ್ಚು ಹತ್ತಿರದ್ದು. ಅದರಲ್ಲಿ ಚಂದ್ರಲಾಲ್ ಎಂಬ ಭಾರತೀಯ ಕ್ರಾಂತಿಕಾರಿಯನ್ನು ಹಿಡಿಯಲು ಅವನ ಪ್ರೇಯಸಿಯನ್ನೇ ಬೆದರಿಸಿ ಪತ್ರ ಬರೆಸುತ್ತಾರೆ. ಅವನು ಸರೋವರ ದಾಟಿ ಬಂದು ಸಿಕ್ಕಿಬೀಳುತ್ತಾನೆ, ವಿಷ ಸೇವಿಸಿ ಸಾಯುತ್ತಾನೆ. ಸರೋಜಿನಿ ನಾಯ್ಡು ಅವರ ಸಹೋದರ ವೀರೇಂದ್ರನಾಥ ಚಟ್ಟೋಪಾಧ್ಯಾಯರೇ ಈ ಪಾತ್ರಕ್ಕೆ ಮಾದರಿ ಎನ್ನಲಾಗುತ್ತದೆ. ಮೇಲಧಿಕಾರಿಗೆ ಚಂದ್ರಲಾಲ್ ಬರೀ ಅಪಾಯಕಾರಿ ಅಪರಾಧಿ. ಆಶೆಂಡನ್‌ಗೆ ಮಾತ್ರ ಅವನ ಎದೆಗಾರಿಕೆ ಕಾಣುತ್ತದೆ. ಆದರೂ ಬಲೆ ಬೀಸುವವನು ಅವನೇ. ಕೊನೆಗೆ ಆ ಹೆಣ್ಣು, ತಾನು 12 ಪೌಂಡ್ ಕೊಟ್ಟು ಅವನಿಗೆ ತಂದುಕೊಟ್ಟಿದ್ದ ಕೈಗಡಿಯಾರವನ್ನು ಮರಳಿ ಕೇಳುತ್ತಾಳೆ. ಅವಳನ್ನು ದೂರುವುದೋ, ಅವಳಿಗಾಗಿ ಮರುಗುವುದೋ? ಮಾಮ್ ತೀರ್ಪು ಕೊಡುವುದಿಲ್ಲ.

ಅನುಮಾನ ಸಾಕ್ಷ್ಯವಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಪತ್ರಿಕೆಯಲ್ಲಿ ಒಬ್ಬನ ಫೋಟೊ ಬಂದೊಡನೆ, ಬೀದಿಯಲ್ಲಿ ಒಂದು ಗುಸುಗುಸು ಎದ್ದೊಡನೆ, ನಾವೂ ಆ ಗುಂಡಿಯನ್ನೇ ನಂಬುತ್ತೇವೆ. ಮುಂದೆ ಅವನು ನಿರಪರಾಧಿಯೆಂದು ಸಾಬೀತಾದಾಗ ಅವನ ಮನೆಯವರು ಹೇಗಿದ್ದಾರೆಂದು ಕೇಳಲು ಹೋಗುವುದಿಲ್ಲ.

ನಿಮ್ಮ ಮನೆಯ ಕಾಲೇಜು ಮಕ್ಕಳಿಗೆ ಈ ಪುಸ್ತಕ ಕೊಡಿ. ಮೊದಲು ಓದಲಿ, ಆಮೇಲೆ ಚಿತ್ರ ನೋಡಲಿ. ನೋಡಿಯಾದ ಮೇಲೆ, ಗೆದ್ದವರಾರು ಎಂದು ಕೇಳಬೇಡಿ. ಬೆಟ್ಟದಿಂದ ಬಿದ್ದವನ ಹೆಂಡತಿ ಏನಾದಳು ಎಂದು ಕೇಳಿ.